ಹಳೆಯ ಐಷಾರಾಮಿ ಕಾರು ಗಡಗಡ ಅನ್ನುವುದೇಕೆ? ಶೀಟು ಅಂಟಿಸುವ ಮೊದಲು ರಬ್ಬರು ನೋಡಿ

ಸೆಕೆಂಡ್ ಹ್ಯಾಂಡ್ ಬೆಂಜೋ ಬಿಎಂಡಬ್ಲ್ಯುವೋ ಕೊಂಡವರಿಗೆ ವಾಟ್ಸಾಪಿನಲ್ಲಿ ಸಲಹೆಗಳಿಗೆ ಬರವಿಲ್ಲ. ‘ಟೈರಿಗೆ ನೈಟ್ರೋಜನ್ ಹಾಕಿಸಿ, ಕಾರು ತೇಲಿಕೊಂಡು ಹೋಗುತ್ತೆ.’ ‘ಗಾಳಿ ಐದಾರು ಪಾಯಿಂಟ್ ಕಮ್ಮಿ ಇಡಿ, ಮೆತ್ತಗಾಗುತ್ತೆ.’ ‘ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿದರೆ ಹಂಪ್ಸ್ ಬಂದದ್ದೇ ಗೊತ್ತಾಗಲ್ಲ.’ ‘ನಾಲ್ಕೂ ಬಾಗಿಲಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಒಳಗೆ ಲೈಬ್ರರಿ ಥರ ನಿಶ್ಶಬ್ದ.’ ಇಂಥ ಸಂದೇಶಗಳನ್ನು ನೀವೂ ನೋಡಿರುತ್ತೀರಿ, ಬಹುಶಃ ಒಂದೆರಡನ್ನು ಮುಂದಕ್ಕೂ ಕಳಿಸಿರುತ್ತೀರಿ. ಈ ನಾಲ್ಕರಲ್ಲಿ ಎರಡು ಸುಳ್ಳು, ಒಂದು ಅಪಾಯಕಾರಿ, ಇನ್ನೊಂದು ಅರ್ಧ ನಿಜ.

ಬೆಂಗಳೂರಿನಂಥ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಹತ್ತು ವರ್ಷ ಹಳೆಯ ಜರ್ಮನ್ ಸೆಡಾನು ಇವತ್ತು ಮಧ್ಯಮ ಗಾತ್ರದ ಹೊಸ ಎಸ್‌ಯುವಿಯ ಬೆಲೆಗೆ, ಒಮ್ಮೊಮ್ಮೆ ಅದಕ್ಕಿಂತ ಕಡಿಮೆಗೇ ಸಿಗುತ್ತದೆ. ಕೊಳ್ಳುವವರು ದುಡ್ಡು ಕೊಡುವುದು ಬ್ಯಾಡ್ಜಿಗೆ ಮಾತ್ರವಲ್ಲ, ಬಾಗಿಲು ಹಾಕಿದ ಕೂಡಲೇ ಹೊರಗಿನ ಗದ್ದಲ ನಿಂತುಹೋಗುವ ಆ ಅನುಭವಕ್ಕೆ. ತಿಂಗಳೊಳಗೆ ಮುಂದಿನ ಚಕ್ರದ ಕಡೆಯಿಂದ ಟೊಕ್ ಟೊಕ್, ಹೈವೇಯಲ್ಲಿ ಗುಂಯ್ ಅನ್ನುವ ಸದ್ದು, ಸಿಗ್ನಲ್‌ನಲ್ಲಿ ನಿಂತಾಗ ಸೀಟಿನಲ್ಲಿ ನಡುಕ ಶುರು. ಆಗ ಹೆಚ್ಚಿನವರು ಹಣ ಹಾಕುವುದು ಕಣ್ಣಿಗೆ ಕಾಣುವ, ಫೋಟೋ ತೆಗೆದು ತೋರಿಸಬಹುದಾದ ಕೆಲಸಕ್ಕೆ. ಆದರೆ ಆ ಕಾರು ಹೊಸದಿದ್ದಾಗ ಅದರ ಮೆದುತನ, ನಿಶ್ಶಬ್ದ ಎರಡೂ ಬಹುಪಾಲು ಬರುತ್ತಿದ್ದುದು ರಬ್ಬರು, ಗಾಳಿ ಮತ್ತು ಎಣ್ಣೆಯಿಂದ. ಕಬ್ಬಿಣ ಹಾಗೇ ಇದೆ. ಮುದಿಯಾಗಿರುವುದು ಈ ಮೂರು.

ಕಿಲೋಮೀಟರು ಕಮ್ಮಿ, ಆದರೆ ರಬ್ಬರಿಗೆ ವಯಸ್ಸಾಗಿದೆ

‘ಹನ್ನೆರಡು ವರ್ಷದ ಗಾಡಿ ಸಾರ್, ಆದರೆ ಓಡಿರೋದು ಬರೀ ಮೂವತ್ತು ಸಾವಿರ’ ಎಂಬುದು ಮಾರುವವರ ಮೆಚ್ಚಿನ ಮಾತು. ಇಂಜಿನ್ನಿನ ಮಟ್ಟಿಗೆ ಅದು ಒಳ್ಳೆಯ ಸುದ್ದಿ ಇರಬಹುದು. ರಬ್ಬರಿನ ಮಟ್ಟಿಗೆ ಅಲ್ಲ. ರಬ್ಬರನ್ನು ಗಂಧಕ ಸೇರಿಸಿ ಕಾಯಿಸಿದಾಗ ಅದರ ಉದ್ದುದ್ದ ಅಣುಸರಪಳಿಗಳ ನಡುವೆ ಕೊಂಡಿಗಳು ಬೀಳುತ್ತವೆ. ಹಿಗ್ಗಿ ಮತ್ತೆ ಹಿಂದಕ್ಕೆ ಬರುವ ಗುಣ ಬರುವುದು ಈ ಕೊಂಡಿಗಳಿಂದ. ಕಾರ್ಖಾನೆಯಿಂದ ಹೊರಬಂದ ಮೇಲೂ ಶಾಖ ಮತ್ತು ಆಮ್ಲಜನಕ ಸೇರಿ ಈ ರಚನೆಯನ್ನು ಬದಲಿಸುತ್ತಲೇ ಇರುತ್ತವೆ. ವರ್ಷಗಳು ಕಳೆದಂತೆ ರಬ್ಬರು ಗಟ್ಟಿಯಾಗುತ್ತದೆ, ಕಂಪನವನ್ನು ನುಂಗುವ ಬದಲು ದಾಟಿಸುತ್ತದೆ. ಗಾಳಿಯಲ್ಲಿರುವ ಅಲ್ಪ ಪ್ರಮಾಣದ ಓಝೋನು ಎಳೆತದಲ್ಲಿರುವ ರಬ್ಬರಿನ ಮೇಲೆ ಸಣ್ಣ ಸಣ್ಣ ಬಿರುಕು ಹುಟ್ಟಿಸುತ್ತದೆ. ಹಳೇ ಟೈರಿನ ಪಕ್ಕದಲ್ಲಿ ಕಾಣುವ ಗೆರೆಗಳು ಇವೇ.

ಇಲ್ಲೊಂದು ತಮಾಷೆ ಇದೆ. ಓಝೋನಿನಿಂದ ಕಾಪಾಡಲು ಟೈರಿನ ರಬ್ಬರಿಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಉರುಳಿ ಬಾಗುತ್ತಿದ್ದಾಗ ಆ ಮೇಣ ಒಳಗಿನಿಂದ ಮೇಲ್ಮೈಗೆ ಬರುತ್ತಾ ಒಂದು ತೆಳು ಪದರವಾಗುತ್ತದೆ. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ‘ಓಡಿಸದೇ ಜೋಪಾನ ಮಾಡಿದ’ ಕಾರಿನ ಟೈರು, ದಿನಾ ಓಡಿದ ಕಾರಿನದಕ್ಕಿಂತ ಬೇಗ ಬಿರುಕು ಬಿಡಬಹುದು.

1989ರಲ್ಲಿ ಟೊಯೋಟಾ ಕಂಪನಿ ಲೆಕ್ಸಸ್ ಎಲ್‌ಎಸ್ 400 ಕಾರನ್ನು ಅಮೆರಿಕದ ಮಾರುಕಟ್ಟೆಗೆ ತಂದಾಗ ಒಂದು ಜಾಹೀರಾತು ಮಾಡಿತ್ತು. ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ, ಕೆಳಗೆ ಚಕ್ರಗಳು ರೋಲರುಗಳ ಮೇಲೆ ಜೋರಾಗಿ ಸುತ್ತುತ್ತಿವೆ, ಒಂದು ಗ್ಲಾಸೂ ಬೀಳುವುದಿಲ್ಲ. ಇಂಜಿನ್ನನ್ನು ಅಷ್ಟು ನಯವಾಗಿ ಕಟ್ಟಿದ್ದು ಒಂದು ಪಾಲಾದರೆ, ಅದನ್ನು ಬಾಡಿಯಿಂದ ಬೇರ್ಪಡಿಸಿ ಹಿಡಿದ ಮೌಂಟಿಂಗ್‌ಗಳದ್ದು ಇನ್ನೊಂದು ಪಾಲು. ಮೌಂಟಿಂಗ್‌ನ ರಬ್ಬರು ಕಲ್ಲಾದರೆ ಅದೇ ಇಂಜಿನ್ನು ಅದೇ ಬಾಡಿಯನ್ನು ನಡುಗಿಸುತ್ತದೆ.

ಮೊದಲು ಸದ್ದಿನ ವಿಳಾಸ

ಸದ್ದು ಒಳಗೆ ಬರುವುದು ಎರಡು ದಾರಿಯಲ್ಲಿ. ಒಂದು, ಗಾಳಿಯ ಮೂಲಕ: ಗಾಜು, ಬಾಗಿಲಿನ ಸಂದು, ತೆಳು ತಗಡಿನಿಂದ. ಇನ್ನೊಂದು, ಕಬ್ಬಿಣದ ಮೂಲಕ: ಚಕ್ರದಿಂದ ಆರ್ಮ್, ಆರ್ಮ್‌ನಿಂದ ಬುಷ್, ಬುಷ್‌ನಿಂದ ಬಾಡಿ. ದಪ್ಪ, ಗುಂಗುಡುವ, ಹೊಟ್ಟೆಗೆ ತಾಗುವ ಸದ್ದು ಹೆಚ್ಚಾಗಿ ಎರಡನೆಯ ದಾರಿಯದು. ತೆಳು, ಸುಯ್‌ಗುಡುವ ಸದ್ದು ಮೊದಲನೆಯದರದು. ಶೀಟು ಅಂಟಿಸುವ ಅಂಗಡಿಯವರು ಈ ವ್ಯತ್ಯಾಸ ಹೇಳುವುದು ಅಪರೂಪ.

ಪತ್ತೆ ಮಾಡಲು ಮೆಷಿನ್ನು ಬೇಕಿಲ್ಲ. ಒಂದೇ ವೇಗದಲ್ಲಿ ಹೋಗುತ್ತಾ ಗೇರ್ ಲಿವರನ್ನು ಮ್ಯಾನುಯಲ್‌ಗೆ ತಂದು ಒಂದು ಗೇರು ಕೆಳಗಿಳಿಸಿ. ಇಂಜಿನ್ನಿನ ಸುತ್ತು ಏರಿದಂತೆ ಸದ್ದೂ ಬದಲಾದರೆ ಅದು ಇಂಜಿನ್, ಮೌಂಟಿಂಗ್, ಸೈಲೆನ್ಸರ್ ಕಡೆಯದು. ಬದಲಾಗದಿದ್ದರೆ ಟೈರು, ಬೇರಿಂಗ್ ಅಥವಾ ಗಾಳಿ. ಬೆಂಗಳೂರಿನ ವೈಟ್‌ಟಾಪಿಂಗ್ ಕಾಂಕ್ರೀಟಿನಿಂದ ಡಾಂಬರಿಗೆ ಇಳಿದ ಕೂಡಲೇ ಸದ್ದಿನ ಸ್ವರವೇ ಬೇರೆಯಾದರೆ ಟೈರು. ರಸ್ತೆ ಬದಲಾದರೂ ಅದೇ ಗುಂಯ್, ಆದರೆ ಉದ್ದನೆಯ ತಿರುವಿನಲ್ಲಿ ಒಂದು ಕಡೆ ವಾಲಿದಾಗ ಹೆಚ್ಚಿ ಇನ್ನೊಂದು ಕಡೆಗೆ ತಗ್ಗಿದರೆ ವೀಲ್ ಬೇರಿಂಗ್. ಗಾಳಿಯ ಸದ್ದಿನ ಅನುಮಾನವಿದ್ದರೆ ಪೇಂಟರುಗಳು ಬಳಸುವ ಕಾಗದದ ಟೇಪನ್ನು ಬಾಗಿಲಿನ ಅಂಚಿಗೆ, ಕನ್ನಡಿಯ ಬುಡಕ್ಕೆ ಹೊರಗಿನಿಂದ ಅಂಟಿಸಿ ಒಂದು ಸುತ್ತು ಹೋಗಿ ಬನ್ನಿ. ಸದ್ದು ನಿಂತಿತೋ, ಒಂದೊಂದೇ ಟೇಪು ಕೀಳುತ್ತಾ ಬಂದರೆ ತೂತು ಎಲ್ಲಿದೆ ಎಂದು ಸಿಗುತ್ತದೆ. ಇಪ್ಪತ್ತು ನಿಮಿಷದ, ಐವತ್ತು ರೂಪಾಯಿಯ ಕೆಲಸ.

ವಿಳಾಸ ಹುಡುಕದೆ ಖರ್ಚು ಮಾಡಿದವರು ‘ಏನೂ ವ್ಯತ್ಯಾಸ ಆಗಲಿಲ್ಲ’ ಅನ್ನುವುದಕ್ಕೆ ಒಂದು ಲೆಕ್ಕದ ಕಾರಣವೂ ಇದೆ. ಡೆಸಿಬೆಲ್ ಅನ್ನುವುದು ನಮ್ಮ ಕೂಡು ಕಳೆಯುವ ಲೆಕ್ಕದಂತಲ್ಲ. ಸದ್ದಿನ ಶಕ್ತಿ ಅರ್ಧವಾದರೆ ಮೀಟರಿನಲ್ಲಿ ಇಳಿಯುವುದು ಕೇವಲ 3 ಡೆಸಿಬೆಲ್. ಕಿವಿಗೆ ‘ಅರ್ಧ ಆಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ನಿಮ್ಮ ಕಾರಿನಲ್ಲಿ ಸಮನಾಗಿ ಸದ್ದು ಮಾಡುವ ನಾಲ್ಕು ಜಾಗಗಳಿವೆ ಅಂದುಕೊಳ್ಳಿ. ಒಂದನ್ನು ಪೂರ್ತಿ ಮುಚ್ಚಿದರೂ ಇಳಿಯುವುದು 1.25 ಡೆಸಿಬೆಲ್ ಮಾತ್ರ, ಕಿವಿ ಅದನ್ನು ಗುರುತಿಸುವುದೇ ಕಷ್ಟ. ಅದೇ ಒಂದು ಜಾಗ ಉಳಿದವಕ್ಕಿಂತ ಜೋರಾಗಿದ್ದರೆ, ಅದನ್ನು ಬಿಟ್ಟು ಬೇರೆ ಎಲ್ಲಿ ಎಷ್ಟು ಸುರಿದರೂ ಪ್ರಯೋಜನವಿಲ್ಲ. ಹಳೆಯ ಕಾರುಗಳಲ್ಲಿ ಆ ‘ಒಂದು ಜಾಗ’ ಬಹಳ ಸಲ ಟೈರೇ ಆಗಿರುತ್ತದೆ.

ಟೈರು: ಅತಿ ದೊಡ್ಡ ಬದಲಾವಣೆ ಇಲ್ಲೇ

ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷಕ್ಕೆ ಬದಲಿಸಿ ಎಂದು ಹಲವು ಕಾರು ಕಂಪನಿಗಳು ಹೇಳುತ್ತವೆ. ಗುಂಡಿ ಎಷ್ಟೇ ಆಳ ಉಳಿದಿರಲಿ, ಹತ್ತು ವರ್ಷ ಮೀರಬಾರದು ಎಂದು ಟೈರು ಕಂಪನಿಗಳೇ ಹೇಳುತ್ತವೆ. ಮಾರಾಟಕ್ಕೆ ನಿಂತ ಐಷಾರಾಮಿ ಕಾರಿನ ಟೈರು ಪಾಲಿಶ್ ಹೊಡೆದು ಫಳಫಳ ಹೊಳೆಯುತ್ತಿದ್ದರೆ, ಮೊದಲು ಆ ನಾಲ್ಕು ಅಂಕಿ ಓದಿ.

ಬಿಎಂಡಬ್ಲ್ಯು ಹಲವು ಮಾದರಿಗಳಿಗೆ ರನ್‌ಫ್ಲಾಟ್ ಟೈರು ಕೊಟ್ಟು, ಸ್ಟೆಪ್ನಿ ಇಲ್ಲದೆ ಮಾರಿದೆ. ಗಾಳಿ ಹೋದರೂ ಸ್ವಲ್ಪ ದೂರ ಓಡಬೇಕಾದ್ದರಿಂದ ಇವುಗಳ ಪಕ್ಕದ ಗೋಡೆ ತುಂಬ ಗಟ್ಟಿ. ಆ ಗಟ್ಟಿತನದ ಬೆಲೆ ತೆರುವುದು ನಿಮ್ಮ ಸೊಂಟ. ಅದೇ ಅಳತೆಯ ಸಾಮಾನ್ಯ ಟೈರಿಗೆ ಬದಲಾಯಿಸಿದರೆ ಸಣ್ಣ ಗುಂಡಿ, ರಸ್ತೆಯ ಸಂದುಗಳ ಏಟು ಎದ್ದು ಕಾಣುವಷ್ಟು ಕಮ್ಮಿಯಾಗುತ್ತದೆ. ಆದರೆ ಆಗ ಪಂಕ್ಚರ್ ಆದರೆ ಕಾರು ಅಲ್ಲೇ ನಿಲ್ಲುತ್ತದೆ. ಡಿಕ್ಕಿಯಲ್ಲಿ ಪಂಕ್ಚರ್ ಕಿಟ್, ಗಾಳಿ ಪಂಪು ಇರಲೇಬೇಕು. ಟೈರಿನ ಒತ್ತಡ ತಿಳಿಸುವ ಎಚ್ಚರಿಕೆ ದೀಪ ಕೆಲಸ ಮಾಡುತ್ತಿದೆಯೇ ಎಂದೂ ನೋಡಿಕೊಳ್ಳಿ. ಈ ದೀಪದ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಎರಡೂ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿದೆ.

ಇನ್ನು ಅಲಾಯ್ ಚಕ್ರದ ಗಾತ್ರ. ಬಿಎಂಡಬ್ಲ್ಯು 5 ಸೀರೀಸ್‌ನ 2010ರ ಪೀಳಿಗೆಯನ್ನೇ ತೆಗೆದುಕೊಳ್ಳೋಣ. 245/40 ಆರ್ 19 ಟೈರಿನಲ್ಲಿ ರಬ್ಬರು ಗೋಡೆಯ ಎತ್ತರ 245ರ ಶೇ 40, ಅಂದರೆ 98 ಮಿ.ಮೀ. ಅದೇ ಕಾರಿನ 225/55 ಆರ್ 17 ಟೈರಿನಲ್ಲಿ ಈ ಎತ್ತರ ಸುಮಾರು 124 ಮಿ.ಮೀ. ಚಕ್ರದ ಒಟ್ಟು ವ್ಯಾಸ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, 679 ಮಿ.ಮೀ. ಹಾಗಾಗಿ ಸ್ಪೀಡೋಮೀಟರ್ ತಪ್ಪುವುದಿಲ್ಲ, ಆದರೆ ನಿಮಗೂ ಗುಂಡಿಗೂ ನಡುವೆ ಒಂದಿಂಚು ಹೆಚ್ಚು ಗಾಳಿ ಸಿಗುತ್ತದೆ. ಅಲಾಯ್ ಬಾಗುವುದೂ ಕಮ್ಮಿ. ಹಿಂದಿನ ಮಾಲೀಕರು ಅಂದಕ್ಕೆ ದೊಡ್ಡ ಅಲಾಯ್ ಹಾಕಿಸಿದ್ದರೆ, ಕಂಪನಿ ಆ ಮಾದರಿಗೆ ಹೇಳಿರುವ ಚಿಕ್ಕ ಅಳತೆಗೆ ಮರಳುವುದು ನಮ್ಮ ಪ್ರಕಾರ ಅತ್ಯಂತ ಬುದ್ಧಿವಂತ ಖರ್ಚು. ಬ್ರೇಕಿನ ಕ್ಯಾಲಿಪರ್‌ಗೆ ಚಕ್ರ ತಾಗುವುದಿಲ್ಲವೇ ಎಂದು ಹಾಕಿ ನೋಡಬೇಕು, ಟೈರಿನ ಭಾರ ಮತ್ತು ವೇಗದ ಸಂಕೇತ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಕಂಪನಿಯ ಪಟ್ಟಿಯಲ್ಲೇ ಇಲ್ಲದ ಅಳತೆ ಹಾಕಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ಈಗ ಗಾಳಿಯ ಸಂದೇಶಗಳಿಗೆ ಬರೋಣ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ಸಾರಜನಕ, ಅಂದರೆ ನೈಟ್ರೋಜನ್. ಅದನ್ನು ಇನ್ನಷ್ಟು ಶುದ್ಧ ಮಾಡಿ ತುಂಬಿಸಿದರೆ ತೇವಾಂಶ ಇರುವುದಿಲ್ಲ, ಗಾಳಿ ಇಳಿಯುವುದು ಸ್ವಲ್ಪ ನಿಧಾನವಾಗುತ್ತದೆ. ಲಾಭ ಅಷ್ಟೇ. ಅದೇ ಒತ್ತಡದಲ್ಲಿ ಟೈರು ಅದೇ ಸ್ಪ್ರಿಂಗು, ಒಳಗೆ ಯಾವ ಅನಿಲವಿದ್ದರೂ. ನೈಟ್ರೋಜನ್ ಹಾಕಿಸಿದ ದಿನ ಕಾರು ಮೆತ್ತಗೆ ಅನ್ನಿಸಿತು ಅಂದರೆ, ಅದಕ್ಕೆ ಮೊದಲು 40 ಪಾಯಿಂಟ್ ಗಾಳಿ ಇದ್ದು, ಆ ದಿನ ಯಾರೋ ಅಳೆದು ಸರಿಯಾಗಿ 33 ತುಂಬಿದರು ಎಂದೇ ಅರ್ಥ ಇರಬೇಕು.

ಆದರೆ ಬೇಕೆಂದೇ ಐದಾರು ಪಾಯಿಂಟ್ ಕಮ್ಮಿ ಇಡುವ ಸಲಹೆಯನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಗಾಳಿ ಕಮ್ಮಿಯಿದ್ದರೆ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದ್ದೆಲ್ಲ ಶಾಖವಾಗುತ್ತದೆ. 100 ಕಿ.ಮೀ. ವೇಗದಲ್ಲಿ ಈ ಗಾತ್ರದ ಚಕ್ರ ಸೆಕೆಂಡಿಗೆ 13 ಸುತ್ತು ಸುತ್ತುತ್ತದೆ. ಬೇಸಿಗೆಯ ಮಧ್ಯಾಹ್ನ, ಐದು ಜನ, ಡಿಕ್ಕಿ ತುಂಬ ಲಗೇಜು, ಮೈಸೂರು ಎಕ್ಸ್‌ಪ್ರೆಸ್‌ವೇ. ಹಳೆಯ ಟೈರಿನ ಒಳಪದರಗಳು ಬಿಟ್ಟುಕೊಳ್ಳುವುದು ಇಂಥ ಹೊತ್ತಿನಲ್ಲೇ. ಸರಿಯಾದ ಒತ್ತಡ ಎಷ್ಟು ಎಂಬುದು ಚಾಲಕನ ಬಾಗಿಲಿನ ಕಂಬದ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿರುತ್ತದೆ. ಜನ ಕಮ್ಮಿ ಇದ್ದಾಗ ಒಂದು ಅಂಕಿ, ತುಂಬಿದಾಗ ಇನ್ನೊಂದು. ಇಬ್ಬರೇ ಓಡಾಡುವವರು ತುಂಬಿದ ಗಾಡಿಯ ಅಂಕಿಗೆ ಗಾಳಿ ಹಾಕಿಸಿ ‘ಗಡಸು’ ಎಂದು ದೂರುವುದೂ ಉಂಟು. ಬೆಳಿಗ್ಗೆ, ಕಾರು ತಣ್ಣಗಿರುವಾಗ ಅಳೆಯಿರಿ. ಟೈರು 5–6 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 1 ಪಾಯಿಂಟ್ ಏರುತ್ತದೆ.

ಆ ಸೆಕೆಂಡಿಗೆ 13 ಸುತ್ತಿನ ಅಂಕಿಯನ್ನು ಇನ್ನೊಂದು ಕಾರಣಕ್ಕೆ ನೆನಪಿಡಿ. ಚಕ್ರ, ಬ್ರೇಕು, ಆರ್ಮ್ ಎಲ್ಲ ಸೇರಿ ಟೈರಿನ ಮೇಲೆ ತಾವಾಗಿ ಕುಣಿಯುವ ಸಹಜ ವೇಗವೂ ಸೆಕೆಂಡಿಗೆ 10ರಿಂದ 15 ಸಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಜೋರಾಗುವಂತೆ, ಬ್ಯಾಲೆನ್ಸ್ ತಪ್ಪಿದ ಚಕ್ರ 90–110ರ ವೇಗದಲ್ಲಿ ಸ್ಟೀರಿಂಗನ್ನು ನಡುಗಿಸಿ, ಅದಕ್ಕಿಂತ ಮೇಲೆ ಹೋದರೆ ಕೆಲವೊಮ್ಮೆ ಸುಮ್ಮನಾಗುವುದು ಇದಕ್ಕೇ. ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದಿದ್ದರೆ ಅಲಾಯ್ ಬಾಗಿದೆಯೇ ಎಂದು ಮೆಷಿನ್ನಿನ ಮೇಲೆ ತಿರುಗಿಸಿ ನೋಡಲು ಹೇಳಿ.

ಬುಷ್, ಮೌಂಟಿಂಗ್, ಶಾಕ್

ಬೆಂಜ್, ಆಡಿ, ಬಿಎಂಡಬ್ಲ್ಯುಗಳ ಪ್ರತಿ ಚಕ್ರವನ್ನೂ ಹಲವು ಆರ್ಮ್‌ಗಳು ಹಿಡಿದಿರುತ್ತವೆ, ಪ್ರತಿ ಆರ್ಮ್‌ನ ತುದಿಗೂ ರಬ್ಬರು ಬುಷ್ ಇಲ್ಲವೇ ಬಾಲ್ ಜಾಯಿಂಟ್. ಕೆಲವು ಬುಷ್‌ಗಳ ಒಳಗೆ, ಹೆಚ್ಚಿನ ಇಂಜಿನ್ ಮೌಂಟಿಂಗ್‌ಗಳ ಒಳಗೆ ದ್ರವ ತುಂಬಿರುತ್ತದೆ. ಅದು ಸೋರಿ ಹೋದರೆ ರಬ್ಬರು ನೋಡಲು ಚೆನ್ನಾಗಿಯೇ ಇದ್ದು ಕೆಲಸ ಮಾತ್ರ ಮಾಡುವುದಿಲ್ಲ. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನು 750 ಸುತ್ತಿನಲ್ಲಿ ನಿಂತು ಓಡುವಾಗ ಸೆಕೆಂಡಿಗೆ 25 ಸಲ ಒದೆಯುತ್ತದೆ. ಆ ಒದೆತವನ್ನು ತಡೆಯುವುದೇ ಈ ದ್ರವದ ಮೌಂಟಿಂಗ್. ಸಿಗ್ನಲ್‌ನಲ್ಲಿ ಡ್ರೈವ್ ಗೇರಿನಲ್ಲಿ ಬ್ರೇಕ್ ಒತ್ತಿ ನಿಂತಾಗ ಸೀಟು, ಸ್ಟೀರಿಂಗು ನಡುಗಿ, ನ್ಯೂಟ್ರಲ್‌ಗೆ ತಂದ ಕೂಡಲೇ ತಗ್ಗಿದರೆ ಅನುಮಾನ ಮೌಂಟಿಂಗ್ ಮೇಲೆ. ಎರಡರಲ್ಲೂ ಅಷ್ಟೇ ನಡುಗಿದರೆ ಇಂಜಿನ್ನೇ ಸರಿಯಾಗಿ ಉರಿಯುತ್ತಿದೆಯೇ ಎಂದು ಮೊದಲು ನೋಡಬೇಕು.

ಬುಷ್ ಬದಲಿಸುವಾಗ ಅನೇಕ ಗ್ಯಾರೇಜುಗಳು ಬಿಟ್ಟುಬಿಡುವ ಒಂದು ಹಂತವಿದೆ. ಕಾರು ಲಿಫ್ಟಿನ ಮೇಲೆ, ಚಕ್ರಗಳು ಜೋತಾಡುತ್ತಿರುವಾಗಲೇ ಆರ್ಮ್‌ನ ಬೋಲ್ಟನ್ನು ಪೂರ್ತಿ ಬಿಗಿ ಮಾಡಿಬಿಟ್ಟರೆ, ಕಾರು ಕೆಳಗಿಳಿದಾಗ ಬುಷ್‌ನ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ. ಸವಾರಿ ಗಡಸಾಗುತ್ತದೆ, ಹೊಸ ಬುಷ್ ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ‘ಭಾರ ಕೂತ ಮೇಲೆ ಟೈಟ್ ಮಾಡ್ತೀರಾ?’ ಎಂದು ಕೇಳಿ ನೋಡಿ, ಮೆಕ್ಯಾನಿಕ್ಕಿನ ಮುಖದಲ್ಲೇ ಉತ್ತರ ಗೊತ್ತಾಗುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ಜೀವಮಾನ ಬಾಳುತ್ತದೆ ಎಂದು ಮಾರುವ ಪಾಲಿಯುರಿಥೇನ್ ಬುಷ್ ಹೆಚ್ಚು ಬಾಳಿಕೆ ಬರುತ್ತದೆ ನಿಜ, ಆದರೆ ರಬ್ಬರಿಗಿಂತ ಗಡಸು. ರೇಸಿಗೆ ಸರಿ, ಅಜ್ಜಿಯನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಬೇಡ. ಹಣ ಉಳಿಸಬೇಕೆಂದರೆ ಲೆಮ್‌ಫೋರ್ಡರ್, ಸಾಕ್ಸ್‌ನಂಥ, ಕಾರು ಕಂಪನಿಗಳಿಗೇ ಭಾಗ ಪೂರೈಸುವವರ ಡಬ್ಬಿಯನ್ನು ಕೊಳ್ಳಬಹುದು.

ಮಳೆಗಾಲಕ್ಕೆ ಮುಂಚೆ ಕಾರಿನ ಅಡಿಗೆ ಡೀಸೆಲ್ಲೋ ಹಳೇ ಇಂಜಿನ್ ಆಯಿಲ್ಲೋ ಸ್ಪ್ರೇ ಮಾಡಿಸುವ ಅಭ್ಯಾಸ ನಮ್ಮ ಕಡೆ ಇದೆ. ಕಿರ್ ಸದ್ದು ನಿಲ್ಲುತ್ತದೆ ಎಂದು ಸಂದೇಶಗಳೂ ಹೇಳುತ್ತವೆ. ಎರಡು ವಾರ ನಿಲ್ಲುತ್ತದೆ ಕೂಡ. ಆದರೆ ಬುಷ್‌ಗಳಲ್ಲಿ ಹೆಚ್ಚಾಗಿ ಇರುವ ಸಹಜ ರಬ್ಬರು ಖನಿಜ ಎಣ್ಣೆ ಕುಡಿದು ಊದಿಕೊಂಡು ಮೆತುವಾಗಿ ಹಾಳಾಗುತ್ತದೆ. ರಬ್ಬರಿಗೆ ಏನಾದರೂ ಹಚ್ಚಲೇಬೇಕಿದ್ದರೆ ಸಿಲಿಕೋನ್ ಆಧಾರಿತವಾದದ್ದು ಹಚ್ಚಿ.

ಶಾಕ್ ಅಬ್ಸಾರ್ಬರ್ ಸವೆದರೆ ಸವಾರಿ ಮೆತ್ತಗಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ನುಣುಪು ರಸ್ತೆಯಲ್ಲಿ ದೋಣಿಯಂತೆ ತೇಲುವುದು ನಿಜವೇ. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಬ್ರೇಕ್ ಹಾಕಿದಾಗ ನಿಲ್ಲುವ ದೂರ ಹೆಚ್ಚುತ್ತದೆ. ಶಾಕ್ ಬದಲಿಸುವಾಗ ಎಡಬಲ ಜೋಡಿಯಾಗಿ, ಮೇಲಿನ ಮೌಂಟ್ ರಬ್ಬರಿನ ಸಮೇತ ಬದಲಿಸಿ. ಬಫರ್‌ಗಳ ವಿಷಯ ಹೇಳುವುದಾದರೆ, ಸ್ಪ್ರಿಂಗಿನ ಎರಡು ಸುರುಳಿಗಳ ನಡುವೆ ಗಟ್ಟಿ ತುಂಡು ಸೇರಿಸಿದರೆ ಆ ಸುರುಳಿ ಕುಗ್ಗುವುದು ಕಮ್ಮಿಯಾಗುತ್ತದೆ. ಕುಗ್ಗುವ ಸುರುಳಿ ಕಮ್ಮಿಯಾದಷ್ಟೂ ಸ್ಪ್ರಿಂಗು ಗಡಸು. ಕಾರು ತುಸು ಎತ್ತರವಾಗಿ ಅಡಿ ಉಜ್ಜುವುದು ತಪ್ಪಬಹುದು, ಮೆತ್ತಗಂತೂ ಆಗುವುದಿಲ್ಲ.

ಅಂದಹಾಗೆ, ಎಲ್ಲಾ ತಪ್ಪೂ ಕಾರಿನದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟಲು ಲೆಕ್ಕ ಹಾಕಿದ್ದು. 20 ಕಿ.ಮೀ. ವೇಗದಲ್ಲಿ ಅದನ್ನು ಚಕ್ರ ದಾಟಲು ಸೆಕೆಂಡಿನ ಮೂರನೇ ಎರಡು ಪಾಲಿನಷ್ಟು ಬೇಕು, ಸ್ಪ್ರಿಂಗು ಕುಗ್ಗಿ ಏಳಲು ಸಮಯ ಸಿಗುತ್ತದೆ. ಬಡಾವಣೆಯವರು ರಾತ್ರೋರಾತ್ರಿ ಹಾಕಿಸಿದ ಅರ್ಧ ಮೀಟರಿನ ದಿಣ್ಣೆಯನ್ನು ಅದೇ ವೇಗದಲ್ಲಿ ದಾಟಲು ಸಿಗುವುದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಮ್ಮಿ. ಯಾವ ಬೆಂಜೂ ಅದನ್ನು ಮರೆಮಾಚಲಾರದು.

ಏರ್ ಸಸ್ಪೆನ್ಶನ್ ಇರುವ ಕಾರುಗಳ ಬಗ್ಗೆ ಇಷ್ಟು ಹೇಳಲೇಬೇಕು. ಇಲ್ಲಿ ಸ್ಪ್ರಿಂಗಿನ ಜಾಗದಲ್ಲಿ ರಬ್ಬರು ಚೀಲ, ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿದ್ದರೆ ಎಲ್ಲೋ ಸೋರಿಕೆ ಇದೆ. ಅದನ್ನು ಮುಚ್ಚದೆ ಓಡಿಸುತ್ತಿದ್ದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ, ಒಂದು ಚೀಲದ ಖರ್ಚು ಎರಡು ಭಾಗದ್ದಾಗುತ್ತದೆ. ಮಾಮೂಲಿ ಸ್ಪ್ರಿಂಗಿಗೆ ಬದಲಿಸುವ ಕಿಟ್ ಅಗ್ಗ, ಆದರೆ ಯಾವ ಮೆದುತನಕ್ಕೆ ಆ ಕಾರು ಕೊಂಡಿರೋ ಅದನ್ನೇ ಬಿಟ್ಟುಕೊಟ್ಟಂತೆ. ಮತ್ತೆ, ಗಾಳಿಯ ಮೇಲೆ ನಿಂತ ಕಾರಿನ ಅಡಿಗೆ ಸ್ಟ್ಯಾಂಡು ಕೊಡದೆ ಯಾರೂ ನುಸುಳಬಾರದು. ಗಾಳಿ ಇಳಿದರೆ ಎರಡು ಟನ್ ಕೆಳಗೆ ಬರುತ್ತದೆ.

ಕೊನೆಗೆ ಬೀಡಿಂಗ್, ಆಮೇಲೆ ಶೀಟು

ಗಾಳಿಯ ಮೂಲಕ ಬರುವ ಸದ್ದಿಗೆ ಸಂದು ದೊಡ್ಡ ಶತ್ರು. ಬಾಗಿಲು ಎಷ್ಟೇ ದಪ್ಪ ಇರಲಿ, ಅದರ ನೂರರಲ್ಲಿ ಒಂದು ಪಾಲಿನಷ್ಟು ಸಂದು ಬಿಟ್ಟುಕೊಂಡರೂ ಒಟ್ಟು ತಡೆ 20 ಡೆಸಿಬೆಲ್ ದಾಟದು. ಬಾಗಿಲಿನ ಬೀಡಿಂಗ್ ಮಧ್ಯೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದ ಕಡೆ ಬೀಡಿಂಗ್ ಚಪ್ಪಟೆಯಾಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಗ್ರೀಸು ಸವರಿದರೆ ಕೆಲವೊಮ್ಮೆ ಜೀವ ಬರುತ್ತದೆ. ಇಲ್ಲದಿದ್ದರೆ ಹೊಸ ಬೀಡಿಂಗು. ಅದರ ಬೆಲೆ ಕೇಳಿ ಬೆಚ್ಚಿದರೂ ಶೀಟು ಅಂಟಿಸುವುದಕ್ಕಿಂತ ಅದು ಮೇಲು.

ಶೀಟು ಏನು ಮಾಡುತ್ತದೆ? ತೆಳು ತಗಡು ತಮಟೆಯಂತೆ ಅದುರುವುದನ್ನು ಹಿಡಿದು, ಆ ಅದುರಾಟವನ್ನು ಶಾಖವಾಗಿ ಕರಗಿಸುತ್ತದೆ. ಅಗ್ಗದ ಚಿಕ್ಕ ಕಾರಿನಲ್ಲಿ ಇದರ ಪರಿಣಾಮ ಚೆನ್ನಾಗಿಯೇ ಗೊತ್ತಾಗುತ್ತದೆ. ಐಷಾರಾಮಿ ಕಾರಿನಲ್ಲಿ ಕಾರ್ಖಾನೆಯೇ ಅದನ್ನು ಅಂಟಿಸಿ ಕಳಿಸಿರುತ್ತದೆ. 2020ರಲ್ಲಿ ಬಂದ ರೋಲ್ಸ್ ರಾಯ್ಸ್ ಘೋಸ್ಟ್ ಕಾರಿನಲ್ಲಿ ಸದ್ದಡಗಿಸುವ ವಸ್ತುವೇ 100 ಕಿಲೋ ಇದೆ ಎಂದು ಕಂಪನಿ ಹೇಳಿಕೊಂಡಿತ್ತು. ಗೋಡೆಯ ತೂಕ ಎರಡು ಪಟ್ಟಾದಾಗ ಗಾಳಿಯ ಸದ್ದು ಇಳಿಯುವುದು ಸುಮಾರು 6 ಡೆಸಿಬೆಲ್ ಮಾತ್ರ. ಈಗಾಗಲೇ ತೂಕದ ಬಾಗಿಲಿಗೆ ಇನ್ನೊಂದು ಕಿಲೋ ಸೇರಿಸಿದರೆ ಎಷ್ಟು ಸಿಕ್ಕೀತು ಎಂದು ನೀವೇ ಲೆಕ್ಕ ಹಾಕಿ.

ಅಂಟಿಸಲೇಬೇಕೆಂದರೆ ಬೆರಳಿನಿಂದ ತಟ್ಟಿ ನೋಡಿ, ಟಣ್ ಎನ್ನುವ ತಗಡಿನ ನಡುವೆ ಒಂದು ತುಂಡು ಸಾಕು. ಬ್ಯುಟೈಲ್ ರಬ್ಬರಿನದ್ದೇ ಆಗಿರಲಿ, ತಾರಸಿ ಸೋರದಂತೆ ಹಾಕುವ ಡಾಂಬರು ಶೀಟು ಬಿಸಿಲಿಗೆ ವಾಸನೆ ಬಂದು ಜಾರುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಹೋಗುವ ಕಿಂಡಿಗಳಿರುತ್ತವೆ, ಅವನ್ನು ಮುಚ್ಚಿದರೆ ಒಳಗೆ ನೀರು ನಿಂತು ತುಕ್ಕು. ಎಲ್ಲಕ್ಕಿಂತ ಮುಖ್ಯವಾಗಿ, ಅನೇಕ ಕಾರುಗಳ ಬಾಗಿಲಿನೊಳಗೆ ಅಪಘಾತವಾದಾಗ ಗಾಳಿಯ ಒತ್ತಡ ಏರಿದ್ದನ್ನು ಗುರುತಿಸಿ ಪಕ್ಕದ ಏರ್‌ಬ್ಯಾಗ್ ತೆರೆಯಲು ಸೂಚನೆ ಕೊಡುವ ಸೆನ್ಸರ್ ಇರುತ್ತದೆ. ಬಾಗಿಲಿನ ಒಳಪದರವನ್ನು ಹರಿದು ಹಾಗೇ ಬಿಟ್ಟರೆ, ಆ ಸೆನ್ಸರಿಗೆ ಶೀಟು ಮೆತ್ತಿದರೆ, ಅದರ ಲೆಕ್ಕ ತಪ್ಪಬಹುದು. ಒಳಪದರ ಮೊದಲಿದ್ದಂತೆ ಪೂರ್ತಿ ಅಂಟಿಸಿದ್ದನ್ನು ನೀವೇ ನಿಂತು ನೋಡಿ, ಆಮೇಲೆ ಪ್ಯಾನೆಲ್ ಹಾಕಿಸಿ.

ಕಾರ್ಪೆಟ್ ಕೆಳಗೆ ಫೋಮ್ ಹಾಕಿಸುವ ಮೊದಲು ಕಾರ್ಪೆಟ್ ಒತ್ತಿ ನೋಡಿ, ತೇವ ಇದೆಯೇ ಅಂತ. ಸನ್‌ರೂಫಿನ ನಾಲ್ಕು ಮೂಲೆಯ ನೀರಿನ ಕೊಳವೆ ಎಲೆ, ಧೂಳಿನಿಂದ ಕಟ್ಟಿಕೊಂಡರೆ ಮಳೆನೀರು ಇಳಿಯುವುದು ಕಾರಿನ ನೆಲಕ್ಕೇ. ಈ ಕಾರುಗಳಲ್ಲಿ ದುಬಾರಿ ಎಲೆಕ್ಟ್ರಾನಿಕ್ ಡಬ್ಬಿಗಳು ಅಲ್ಲೇ, ಸೀಟಿನ ಅಡಿಯಲ್ಲೇ ಇರುವುದುಂಟು.

ಕೆಲಸಕ್ಕೆ ಮೊದಲು ಮತ್ತು ನಂತರ ಫೋನಿನ ಡೆಸಿಬೆಲ್ ಆ್ಯಪಿನಲ್ಲಿ ಅಳೆಯಿರಿ. ಅದೇ ರಸ್ತೆ, ಅದೇ 80 ಕಿ.ಮೀ. ವೇಗ, ಕಿಟಕಿ ಮುಚ್ಚಿ, ಎ.ಸಿ. ಒಂದೇ ಅಂಕಿಯಲ್ಲಿ, ಫೋನು ಪಕ್ಕದಲ್ಲಿ ಕೂತವರ ಕೈಯಲ್ಲಿ. ಫೋನು ತೋರಿಸುವ ಅಂಕಿ ನಿಖರವಲ್ಲ, ಆದರೆ ಅದೇ ಫೋನಿನ ಎರಡು ಅಂಕಿಗಳ ವ್ಯತ್ಯಾಸವನ್ನು ನಂಬಬಹುದು. ಆ್ಯಪಿನಲ್ಲಿ ‘ಎ’ ಮತ್ತು ‘ಸಿ’ ಎಂಬ ಎರಡು ಆಯ್ಕೆ ಇದ್ದರೆ ಎರಡರಲ್ಲೂ ಅಳೆದು ಬರೆದಿಟ್ಟುಕೊಳ್ಳಿ. ‘ಎ’ ಅಳತೆ ದಪ್ಪ ಗುಂಗಾಟವನ್ನು ಕಮ್ಮಿ ಎಣಿಸುತ್ತದೆ, ಹಳೆಯ ಬುಷ್, ಮೌಂಟಿಂಗ್‌ಗಳಿಂದ ಬರುವುದು ಮುಖ್ಯವಾಗಿ ಆ ಗುಂಗಾಟವೇ.